ಕೆಂಪು ಕಲ್ಲು, ಕರಿ ಕಲ್ಲು

"ಅಕ್ಕಾ, ಕೆಂಪು ಕಲ್ಲೋ, ಕರಿ ಕಲ್ಲೋ? ಹೇಳಿದ್ರೆ ಇವತ್ತೇ ಶುರು," ಎಂದ ಗಾರೆ ಮೇಸ್ತ್ರಿ. ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಗ್ಗೆ ಅದು. ಹಿತ್ತಿಲ ಅಂಗಳಕ್ಕೆ ಹಾಸಲೆಂದು ಗಂಡ ಅಂಗಡಿಯಿಂದ ಕೇಳಿ ತಂದಿದ್ದ ಎರಡು ಮಾದರಿ ಕಲ್ಲುಗಳು ಹೊಸ್ತಿಲ ಬಳಿಯೇ ಇದ್ದವು.

"ಅವನಿಗೆ ಹಿಡಿಸಿದ್ದನ್ನೇ ಹಾಕ್ಸಮ್ಮ," ಎಂದರು ಅತ್ತೆ. ಅದೇ ಅವಳಿಗೆ ಗೊತ್ತಿರಲಿಲ್ಲ. ದಿನವೂ ಅವನು ಕಲ್ಲಿಗೆ ನೀರು ಚಿಮುಕಿಸಿ ಬಣ್ಣ ತೋರಿಸಿ, "ಮೊದ್ಲು ನಿಂದು ಹೇಳೇ, ಆಮೇಲೆ ನಂದು," ಎನ್ನುತ್ತಿದ್ದ. ಅವಳು ತಲೆಯೆತ್ತದೆ, "ಯಾವ್ದಾದ್ರೂ ಸರಿ," ಎನ್ನುತ್ತಿದ್ದಳು.

ಕಲ್ಲುಗಳನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದಳು. "ನಮ್ಮನೆಯವ್ರು ಯಾವ್ದನ್ನ ಮೆಚ್ಚಿದ್ರು? ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಸುದ್ದಿ ತಿಳಿಯದ ಅಂಗಡಿಯವನು ನಕ್ಕ. "ನಾನು ಅವ್ರನ್ನ ಕೇಳಿ ಕೇಳಿ ಸಾಕಾಯ್ತು ತಾಯಿ. ಮೊದ್ಲು ಮನೆಯವಳು ಬಾಯಿ ಬಿಡ್ಲಿ ಅಂತಿದ್ರು. ಈಗ ಹೇಳಿ, ಯಾವ್ದು ಕಳಿಸ್ಲಿ?"

ಅವಳು ಯಾವುದನ್ನೂ ಆರಿಸದೆ ಎರಡನ್ನೂ ಅವನ ಮುಂದೆ ವಾಪಸಿಟ್ಟು, ಖಾಲಿ ಚೀಲ ಮಡಚಿಕೊಂಡಳು.