ಕೆಂಪಾಗದ ಗ್ಲಾಸು

ಈಗ ಎಲ್ಲರ ಮನೆಯಲ್ಲೂ ಅಂಥ ಗ್ಲಾಸುಗಳೇ. ನಿಜವಾಗಿ ಬೇಕೆನಿಸಿ ಹಿಡಿದರೆ ತಿಳಿಯಾಗಿರುತ್ತವೆ, ಬರೀ ರೂಢಿಯಿಂದ ಹಿಡಿದರೆ ಕೆಂಪಾಗುತ್ತವೆ. ಮಲ್ಲೇಶಿ ದಿನವೂ ಸಂಜೆ ರಮ್ ಕುಡಿದರೂ ಅವನ ಗ್ಲಾಸು ಒಮ್ಮೆಯೂ ಕೆಂಪಾಗಿರಲಿಲ್ಲ. ಹೆಂಡತಿ ನೀಲಾಂಬಿಕೆಗೆ ಅದೇ ಸಂಶಯ.

"ಖರೇ ಹೇಳ್ರಿ, ನಕಲಿ ಗ್ಲಾಸ್ ತಂದೀರಿ ಹೌದಿಲ್ಲೋ?"

"ನೀ ಪೊಲೀಸ್ ಆಗಬೇಕಿತ್ತು ನೋಡು," ಅವನು ನಕ್ಕ. "ದಿನಾ ಬ್ಯಾಡ ಅಂದ್ಕೊಂಡೇ ಬರ್ತೀನಿ. ನೀ ತಂದು ಇಟ್ಟಮ್ಯಾಲೆ ಬೇಕನಸ್ತದ."

"ಹೂಂ, ತಪ್ಪೆಲ್ಲಾ ನಂದ!"

ಮರುದಿನ ಸಂಜೆ ಬಾಗಿಲಲ್ಲಿ ಅವನ ಚಪ್ಪಲಿಯ ಸದ್ದಾಯಿತು. ಎಂದಿನಂತೆ ಅವಳು ತಟ್ಟೆಗೆ ಹುರಿದ ಶೇಂಗಾ ಸುರಿದು, ಕಪಾಟಿನಿಂದ ಗ್ಲಾಸು ತೆಗೆದಳು. ನಕಲಿಯೇ ಇರಬೇಕೆಂದು ಮೊದಲ ಬಾರಿ ಅದನ್ನು ಬೆಳಕಿಗೆ ಹಿಡಿದಳು.

ಅವಳ ಬೆರಳುಗಳ ಸುತ್ತ ಗ್ಲಾಸು ಕೆಂಪಗೆ ಉರಿಯುತ್ತಿತ್ತು.

ಅದನ್ನು ಮೆಲ್ಲಗೆ ಕಪಾಟಿನಲ್ಲಿಟ್ಟು, ಶೇಂಗಾ ಮಾತ್ರ ಹೊರಗೆ ಒಯ್ದಳು.