ಕೆಂಪು ಅಂಚಿನ ಕೌದಿ

"ಏ ಮಲ್ಲೇಶಾ, ಏಳಲೇ! ಎಂಥಾ ಕೆಲಸ ಮಾಡಿಟ್ಟಿ ನೋಡು!"

ನಾದಿನಿ ಭಾರತಿಯ ಕೂಗಿಗೆ, ಅಡುಗೆಮನೆಯಲ್ಲಿ ಬೆಳಗಿನ ತಿಂಡಿಯ ಒಗ್ಗರಣಿಗೆಂದು ಮಂಡಕ್ಕಿ ನೆನೆಸುತ್ತಿದ್ದ ಅನುಪಮಾ ಕೈಯೊರೆಸಿಕೊಳ್ಳುತ್ತ ಹಾಲ್‌ಗೆ ಬಂದಳು. ಮಕ್ಕಳು ಸಾಲಾಗಿ ಮಲಗಿದ್ದ ಜಾಗದಲ್ಲಿ ನಾದಿನಿಯ ಐದು ವರ್ಷದ ಮಗ ಕಣ್ಣುಜ್ಜುತ್ತ ನಿಂತಿದ್ದ. ಅವನ ಚಡ್ಡಿಯ ಹಿಂಭಾಗ ಒದ್ದೆ. ಅವನು ಎದ್ದ ಕೌದಿಯಂತೂ ಹಿಂಡಿದರೆ ಒಂದು ಚೆಂಬು ತುಂಬುವಷ್ಟು ತೊಯ್ದಿತ್ತು.

"ನಾ ಅಲ್ಲವ್ವಾ," ಎಂದ ಹುಡುಗ.

"ನೀ ಅಲ್ದ ಮತ್ತ್ಯಾರು? ಕಾಲುವಿ ನೀರು ಬಂತೇನು ಮನ್ಯಾಗ?" ಭಾರತಿ ಅವನ ಬೆನ್ನಿಗೊಂದು ಕೊಟ್ಟಳು. "ನಮ್ಮ ಮನ್ಯಾಗ ಒಂದಿನಾನೂ ಹಿಂಗ ಮಾಡಿದಾಂವ ಅಲ್ರೀ ವೈನಿ. ಮಂದಿ ಮನಿಗೆ ಬಂದಾಗ ಮಾನ ಕಳೀತಾನ ನೋಡ್ರಿ."

"ಇದೇನು ಮಂದಿ ಮನಿಯೇನು? ನಿನ್ನ ತವರುಮನಿ. ಬಿಡು, ಸಣ್ಣ ಹುಡುಗ," ಎನ್ನುತ್ತ ಕೌದಿ ಎತ್ತಲು ಬಗ್ಗಿದ ಅನುಪಮಾ ಹಾಗೆಯೇ ನಿಂತುಬಿಟ್ಟಳು. ಕೆಂಪು ಅಂಚಿನ ಕೌದಿ. ರಾತ್ರಿ ಅದನ್ನು ಅವಳು ಹಾಸಿದ್ದು ತನ್ನ ಮಗ ಸಿದ್ಧಾರ್ಥನಿಗೆ. ಮಲ್ಲೇಶನಿಗೆ ಹಾಸಿದ್ದು ಪಕ್ಕದ ನೀಲಿ ಕೌದಿ. ಆ ನೀಲಿಯ ಮೇಲೆ ಈಗ ಸಿದ್ಧಾರ್ಥ ಗೋಡೆಗೆ ಮುಖ ಮಾಡಿ ಮಲಗಿದ್ದ. ಇಷ್ಟು ಗದ್ದಲದಲ್ಲೂ ಅವನಿಗೆ ಎಚ್ಚರವಿಲ್ಲವಂತೆ! ರಾತ್ರಿಯ ಹಳದಿ ಚಡ್ಡಿ ಹೋಗಿ ಮೈಮೇಲೆ ಸ್ಕೂಲ್ ಪ್ಯಾಂಟು ಬಂದಿತ್ತು, ಅದೂ ಭಾನುವಾರ ಬೆಳಿಗ್ಗೆ. ಗಾಢ ನಿದ್ದೆಯಲ್ಲಿದ್ದ ಚಿಕ್ಕವನನ್ನು ಇತ್ತ ಉರುಳಿಸಿ ತಾನು ಅತ್ತ ಸರಿದಿದ್ದಾನೆ ಎಂಬುದು ಹೆತ್ತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹತ್ತು ವರ್ಷದ ಮಗನ ಈ ಸಂಗತಿ ಮನೆಯ ಮೂವರ ಹೊರತು ಬೇರೆಯವರಿಗೆ ಗೊತ್ತಿರಲಿಲ್ಲ. ದಿನಾ ತಾನು ಮಲಗುವ ಮುಂಚೆ ಅನುಪಮಾ ಅವನನ್ನೆಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ನಿನ್ನೆ ಮರೆತಿದ್ದಳು. ಮರೆಯುವಂಥ ಸಂಭ್ರಮವೇ ಅದು. ಮಸ್ಕಿಯಿಂದ ನಾದಿನಿ, ಅವಳ ಮಕ್ಕಳು ಮೇಘಾ ಮತ್ತು ಮಲ್ಲೇಶ ಬಂದಿಳಿದಿದ್ದೇ ತಡ, ಸಿಂಧನೂರಿನ ಆ ಬಾಡಿಗೆ ಮನೆಗೆ ಕಳೆ ಬಂದಿತ್ತು. ಆಫೀಸಿನಲ್ಲಿ ಸದಾ ಮುಖ ಗಂಟು ಹಾಕಿಕೊಂಡಿರುವ ಗಂಡ ಪಂಪಾಪತಿ ಕುದುರೆಯಾಗಿ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾಲ್ ತುಂಬ ತಿರುಗಿದ್ದ. ಅತ್ತಿಗೆ ನಾದಿನಿಯರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದರು. ಆ ನಗುವಿನ ಭರದಲ್ಲೇ ಅನುಪಮಾ ಒಂದು ಮಾತು ಆಡಿದ್ದಳು: "ನಮ್ಮ ಸಿದ್ಧಾರ್ಥ ಜೂನ್‌ದಾಗ ಹಾಸ್ಟೆಲ್ ಸಾಲಿಗೆ ಹೊಂಟಾನ. ಅವಂದೇನೂ ಚಿಂತಿಲ್ಲವಾ ನನಗ, ದೊಡ್ಡ ಮನುಷ್ಯಾ ಆಗ್ಯಾನ!"

ಆ ಮಾತು ಈಗ ನೆನಪಾಯಿತು. ನಿಜ ಹೇಳಿದರೆ ದೊಡ್ಡ ಮನುಷ್ಯನ ಮಾನ ಸಂಜೆಯೊಳಗೆ ಮಸ್ಕಿ ಮುಟ್ಟುತ್ತದೆ. ಹೇಳದಿದ್ದರೆ ಏನೂ ಮಾಡದ ಕೂಸಿನ ತಲೆಗೆ ಕಟ್ಟಿದಂತೆ. ಅನುಪಮಾ ಒದ್ದೆ ಕೌದಿಯನ್ನು ಸುತ್ತಿಕೊಂಡು ಹಿತ್ತಲಿಗೆ ನಡೆದಳು.

ಹಿತ್ತಲ ಕಲ್ಲಿನ ಮೇಲೆ ಕೌದಿಯನ್ನು ಭಾರತಿಯೇ ಒಗೆದಳು. ಬೇಡವೆಂದರೂ ಕೇಳಲಿಲ್ಲ. ನೀರು ಕುಡಿದ ಕೌದಿ ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ಆ ತುದಿ ಅವಳು, ಈ ತುದಿ ಇವಳು ಹಿಡಿದು ತಿರುವತೊಡಗಿದರು.

"ಇದು ನಮ್ಮವ್ವ ಸಿದ್ಧಾರ್ಥ ಹುಟ್ಟಿದಾಗ ಹೊಲಿದದ್ದಲ್ರೀ ವೈನಿ?" ಎಂದಳು ಭಾರತಿ. "ತನ್ನ ಇಳಕಲ್ ಸೀರಿ ಸೆರಗು ಹರಿದು ಅಂಚು ಹಚ್ಚಿದ್ಲು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರುವಂತಿರಲಿಲ್ಲ.

"ಹೂಂ. ಇದು ಮೆತ್ತಗೈತಿ ಅಂತ ಮಲ್ಲೇಶಗ ಹಾಸಿದ್ದೆ," ಎಂದುಬಿಟ್ಟಳು ಅನುಪಮಾ.

ಭಾರತಿಯ ಕಣ್ಣು ತುಂಬಿ ಬಂತು. "ಅವ್ವನ ಕೈದು ಅಂತ ಗೊತ್ತಿದ್ರೂ ನನ್ನ ಮಗಗ ಹಾಸೀರಿ. ನೀವು ಇಷ್ಟು ಜೀವ ಮಾಡ್ತೀರಿ, ಈ ಹುಚ್ಚ ಹಿಂಗ ಮಾಡ್ಯಾನ. ತಪ್ಪು ತಿಳ್ಕಾಬ್ಯಾಡ್ರಿ ವೈನಿ."

ಅನುಪಮಾ ತಲೆ ಎತ್ತಲಿಲ್ಲ. ಸುಳ್ಳು ಹೇಳಿದ್ದಕ್ಕೇ ನಾಚಿಕೆಯಾಗಿತ್ತು. ಅದಕ್ಕೆ ಪ್ರತಿಯಾಗಿ ಸಿಕ್ಕ ಈ ಪ್ರೀತಿಗೆ ಮೈಯೆಲ್ಲ ಹಿಡಿಯಾಯಿತು.

ಒಗ್ಗರಣಿ, ಮಿರ್ಚಿ ಭಜಿ ತಟ್ಟೆಗೆ ಬಂದಾಗ, ಕೌದಿ ಅದಲುಬದಲಾದದ್ದು ತಿಳಿಯದ ಪಂಪಾಪತಿ ಮಲ್ಲೇಶನೊಡನೆ ಚೇಷ್ಟೆಗೆ ಇಳಿದ. "ಏನಪಾ ಸಾಹುಕಾರ, ರಾತ್ರಿ ಕುದುರಿ ಮ್ಯಾಲ ಕುಂತು ಹೊಳಿ ದಾಟಿದೆಂತಲ್ಲ!" ಮೇಘಾ ಬಿದ್ದು ಬಿದ್ದು ನಕ್ಕಳು. ಭಾರತಿಯೂ ನಕ್ಕಳು. ಮಲ್ಲೇಶ ಮಿರ್ಚಿ ಮುಟ್ಟಲಿಲ್ಲ. ಸಿದ್ಧಾರ್ಥ ಅರ್ಧ ತಿಂದು ಎದ್ದುಹೋದ.

ಹೊರಡುವ ಹೊತ್ತಿಗೆ ಬಾಗಿಲಿಗೆ ಆಟೊ ಬಂದಿತ್ತು. ಸಿದ್ಧಾರ್ಥ ಒಳಗಿಂದ ತನ್ನ ಹೊಸ ಬ್ಯಾಟು ತಂದು, ಮಾತಿಲ್ಲದೆ ಮಲ್ಲೇಶನ ಕೈಗಿಟ್ಟ. "ನೋಡ್ರಿ, ಎಷ್ಟು ದೊಡ್ಡ ಮನಸು ನಮ್ಮ ಸಿದ್ಧಾರ್ಥಂದು!" ಎಂದು ಭಾರತಿ ಅವನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಟೊ ಹತ್ತಿದ್ದ ಮಲ್ಲೇಶ ಮತ್ತೆ ಇಳಿದು ಬಂದ. ಅನುಪಮಾಳ ಸೆರಗು ಜಗ್ಗಿ ಬಗ್ಗಿಸಿಕೊಂಡು, ತನ್ನ ಅವ್ವನಿಗೆ ಕೇಳಿಸದಂತೆ ಕಿವಿಯಲ್ಲಿ ಹೇಳಿದ:

"ಅತ್ತಿ, ಮುಂದಿನ ಸಲ ಬಂದಾಗ ನಾ ನಿದ್ದಿ ಮಾಡಂಗಿಲ್ಲ. ಬೆಳತನಕ ಕುಂತೇ ಇರ್ತೀನಿ."