ಅವ್ವನ ಪ್ರಯಾಣದ ವ್ರತ

ಈ ವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಎಲ್ಲಿಗಾದರೂ ಹೊರಟಿದ್ದೀರಾ? ಬ್ಯಾಗು ತುಂಬುವ ಮೊದಲು ಇದನ್ನೊಮ್ಮೆ ಓದಿಬಿಡಿ...

ಗದಗಿನಲ್ಲಿ ಗಂಗಾಧರ ಎಂಬ ಬಣ್ಣದ ಅಂಗಡಿಯ ಯಜಮಾನ. ವ್ಯಾಪಾರ ಜೋರು, ಮಾತು ಅದಕ್ಕಿಂತ ಜೋರು.

ತಾಯಿ ಬಸಲಿಂಗವ್ವನ ಬಗ್ಗೆ ಅವನಿಗೆ ಬಹಳ ಹೆಮ್ಮೆ. "ನಮ್ಮವ್ವ ಪ್ರಯಾಣದ ದಿನ ಒಂದು ಹನಿ ನೀರು ಮುಟ್ಟೂದಿಲ್ಲ ನೋಡ್ರಿ. ಅಷ್ಟು ಕಟ್ಟುನಿಟ್ಟಿನ ವ್ರತ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಬಸಲಿಂಗವ್ವ ಕೇಳಿಸಿಕೊಂಡು ಎದ್ದು ಒಳಗೆ ಹೋಗುತ್ತಿದ್ದರು...

ಒಂದು ಬೇಸಿಗೆಯಲ್ಲಿ ಅವರಿಗೆ ಕಿಡ್ನಿಯಲ್ಲಿ ಕಲ್ಲಾಯಿತು. ನೀರು ಕುಡಿಯುವುದನ್ನು ಒಂದು ಹೊತ್ತೂ ತಪ್ಪಿಸಬಾರದು ಎಂದರು ಡಾಕ್ಟರು.

ಅಂದಿನಿಂದ ಅವರು ಊರು ಬಿಟ್ಟು ಕದಲಲಿಲ್ಲ. ಮದುವೆಗೆ ಕರೆದರೂ ಅಷ್ಟೇ, ಗೃಹಪ್ರವೇಶಕ್ಕೆ ಕರೆದರೂ ಅಷ್ಟೇ. "ನಂಗ ತಿರುಗಾಟ ಸೇರೂದಿಲ್ಲಪ್ಪ," ಎಂದುಬಿಡುತ್ತಿದ್ದರು.

ಕಾರವಾರದಲ್ಲಿ ಅವರ ಅಕ್ಕ ಗಿರಿಜವ್ವ ಇದ್ದರು. ಚಿಕ್ಕಂದಿನಲ್ಲಿ ಒಂದೇ ತಾಟಿನಲ್ಲಿ ಉಂಡವರು. ಆ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು.

"ಬಸೂ... ಒಮ್ಮೆ ಬಂದು ಮಾರಿ ತೋರಿಸಿ ಹೋಗ. ನನ್ನ ಮ್ಯಾಲೆ ಏನರೆ ಸಿಟ್ಟೈತೇನು?" ಎಂದು ಫೋನಿನಲ್ಲಿ ಕೇಳಿದರು.

"ಸಿಟ್ಟೇನಿಲ್ಲಕ್ಕ... ನೋಡೂಣು," ಎಂದು ಫೋನಿಟ್ಟ ಬಸಲಿಂಗವ್ವ ಅಡುಗೆಮನೆಗೆ ಹೋಗಿ ಅತ್ತರು. ಆದರೆ ಹೊರಡಲು ಒಪ್ಪಲಿಲ್ಲ.

ಅಕ್ಕನ ಮಗನ ಮದುವೆಯಲ್ಲಿ ಕೊಟ್ಟ ಸೀರೆಯ ಬಣ್ಣ ಅವ್ವನಿಗೆ ಸೇರಿರಲಿಕ್ಕಿಲ್ಲ, ಅದೇ ಸಿಟ್ಟು ಎಂದು ಗಂಗಾಧರ ತೀರ್ಪು ಕೊಟ್ಟ. ಬಣ್ಣದ ಅಂಗಡಿಯವನಲ್ಲವೇ, ಅವನಿಗೆ ಮತ್ತೇನು ಹೊಳೆಯಬೇಕು...

ಹೆಂಡತಿ ಸುವರ್ಣಾ ಮಾತ್ರ ಮೊಬೈಲಿನಲ್ಲಿ ಏನೋ ಹುಡುಕಿ ಅವನ ಮುಂದೆ ಹಿಡಿದಳು. "ಕಾರು ಬ್ಯಾಡರೀ. ಹುಬ್ಬಳ್ಳಿಯಾಗ ಕ್ಯಾರವಾನ್ ಬಾಡಿಗೆಗೆ ಸಿಗತೈತಿ. ಅದನ್ನ ತರಿಸ್ರಿ."

ಮನೆಯನ್ನೇ ಒಳಗಿಟ್ಟುಕೊಂಡ ಗಾಡಿ! ಟಿವಿ, ಎಸಿ, ಮಲಗಲು ಮಂಚ... ಗಂಗಾಧರನಿಗೆ ಖುಷಿಯೋ ಖುಷಿ.

ಮರುವಾರ ಬೆಳಿಗ್ಗೆ ಕ್ಯಾರವಾನ್ ಮನೆ ಮುಂದೆ ಬಂದು ನಿಂತಿತು. "ನಾ ಬರೂದಿಲ್ಲ. ನೋಡಿ ಇಳಿತೀನಿ ಅಷ್ಟ," ಎನ್ನುತ್ತ ಬಸಲಿಂಗವ್ವ ಮೆಟ್ಟಿಲು ಹತ್ತಿದರು.

ಮಗ ಟಿವಿ ಹಚ್ಚಿ ತೋರಿಸಿದ, ಮಂಚ ಬಿಚ್ಚಿ ತೋರಿಸಿದ. ಅವರ ಕಣ್ಣು ಅದ್ಯಾವುದರ ಮೇಲೂ ನಿಲ್ಲಲಿಲ್ಲ.

"ಆ ಸಣ್ಣ ಬಾಗಿಲು ಯಾತರದು?" ಎಂದು ಡ್ರೈವರ್ ದಾವಲಸಾಬನನ್ನು ಕೇಳಿದರು.

"ಬಾತ್‌ರೂಮ್ ರೀ ಅವ್ವಾರ. ಛಲೋ ನೀರಿಗೆ ಒಂದು ಟ್ಯಾಂಕ್ ಐತಿ, ಹೊಲಸು ನೀರಿಗೆ ಕೆಳಗ ಬ್ಯಾರೆ ಟ್ಯಾಂಕ್. ಅದನ್ನ ಖಾಲಿ ಮಾಡೂದು ನನ್ನ ಕೆಲಸ. ಬೇಕಂದಾಗ ಹೇಳ್ರಿ, ಗಾಡಿ ಸೈಡಿಗೆ ಹಾಕ್ತೀನಿ."

"ಒಳಗ ಚಿಲಕ ಐತೇನು?"

"ಐತ್ರಿ."

ಬಸಲಿಂಗವ್ವ ಒಳಗೆ ಹೋಗಿ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.

ಹೊರಗೆ ಬಂದವರೇ, "ಸುವರ್ಣಾ, ಒಂದು ತಂಬಿಗಿ ನೀರು ಕೊಡವ್ವ," ಎಂದರು. ಗಟಗಟನೆ ಕುಡಿದರು.

"ಅವ್ವಾ... ಇವತ್ತು ಪ್ರಯಾಣ. ವ್ರತ?" ಎಂದ ಗಂಗಾಧರ.

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಯಾವ ವ್ರತಪಾ? ನೀವು ಗಂಡಸರು ಯಾವ ಗಿಡದ ಮರೆಗರೆ ನಿಲ್ತೀರಿ. ನಾವೆಲ್ಲಿ ಹೋಗೂಣು?"

ಗಂಗಾಧರನಿಗೆ ಹಿಂದಿನ ಪ್ರಯಾಣಗಳೆಲ್ಲ ನೆನಪಾದವು...

ದಾರಿಯುದ್ದಕ್ಕೂ ಅವನು ಎಳನೀರು ಕುಡಿಯುತ್ತಿದ್ದ, ಬೇಕಾದಲ್ಲಿ ಕಾರು ನಿಲ್ಲಿಸಿ ಇಳಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ತುಟಿ ಒಣಗಿಸಿಕೊಂಡು ಕೂತ ತಾಯಿಯನ್ನು ನೋಡಿ ಹೆಮ್ಮೆಪಡುತ್ತಿದ್ದ.

ಹೆಂಡತಿಯ ಕಡೆ ತಿರುಗಿದ. "ನಿನಗ ಗೊತ್ತಿತ್ತೇನು?"

"ಯಾವ ಹೆಣ್ಣಮಗಳಿಗೆ ಗೊತ್ತಿಲ್ಲ ಹೇಳ್ರಿ..." ಎಂದು ಅವಳೂ ನೀರಿನ ಬಾಟಲಿ ಎತ್ತಿದಳು.

ಬಸಲಿಂಗವ್ವ ಇಳಿಯಲಿಲ್ಲ. ಗಾಡಿ ಹೊರಟಿತು.

ಯಲ್ಲಾಪುರದ ಹತ್ತಿರ ನಿಲ್ಲಿಸಿ, ಗಾಡಿಯ ಪುಟ್ಟ ಒಲೆಯ ಮೇಲೆ ಸುವರ್ಣಾ ಚಹಾ ಮಾಡಿದಳು. ಗ್ಯಾಸ್ ಬಂದ್ ಆಗಿದೆಯೇ, ಕಪಾಟುಗಳ ಚಿಲಕ ಬಿದ್ದಿದೆಯೇ ಎಂದು ನೋಡಿಯೇ ದಾವಲಸಾಬ ಮುಂದೆ ಹೊರಟ. ಘಾಟಿಯಲ್ಲಿ ಗಾಡಿಯ ತಲೆಗೆ ಟೊಂಗೆ ತಾಗದಂತೆ ಮೆಲ್ಲಗೆ ಇಳಿಸಿದ.

ಅಂಕೋಲೆಯಲ್ಲಿ ಬಸಲಿಂಗವ್ವ ತಾವಾಗಿಯೇ ಎಳನೀರು ಕೇಳಿದರು. ಮಗ ಓಡಿಹೋಗಿ ತಂದ. ಕೊಡುವಾಗ ಅವನ ಕಣ್ಣು ತುಂಬಿತ್ತು.

ಗಿರಿಜವ್ವನ ಮನೆಯ ಓಣಿ ಚಿಕ್ಕದು, ಅಷ್ಟು ದೊಡ್ಡ ಗಾಡಿ ಒಳಗೆ ಹೋಗಲಿಲ್ಲ. ಬಸಲಿಂಗವ್ವ ದೊಡ್ಡ ರಸ್ತೆಯಲ್ಲೇ ಇಳಿದು ಸರಸರ ನಡೆದರು.

ಹಾಸಿಗೆಯಲ್ಲಿದ್ದ ಅಕ್ಕ ಕೈ ಹಿಡಿದು ಕೇಳಿದರು, "ಸಿಟ್ಟು ಇಳೀತೇನ ನಿಂದು?"

ತಂಗಿ ಬಗ್ಗಿ ಕಿವಿಯಲ್ಲಿ ಕಾರಣ ಹೇಳಿದರು.

ಗಿರಿಜವ್ವ ತಂಗಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಆಮೇಲೆ ಮಂಚ ಅಲುಗಾಡುವಂತೆ ನಕ್ಕರು. "ಅಯ್ಯ ನನ್ನ ಬಸೂ... ಕಾಲು ಗಟ್ಟಿ ಇದ್ದಾಗ ನಾನೂ ಗದಗಿಗೆ ಬರಲಿಲ್ಲಲ್ಲ, ಯಾಕಂತ ತಿಳಕೊಂಡೀ?"

ಇಬ್ಬರೂ ನಕ್ಕರು... ನಗುತ್ತಲೇ ತಬ್ಬಿಕೊಂಡು ಅತ್ತರು. ಅಕ್ಕನಿಗೆ ಸಿಟ್ಟಿರಬಹುದೆಂದು ತಂಗಿ, ತಂಗಿಗೆ ಸಿಟ್ಟಿರಬಹುದೆಂದು ಅಕ್ಕ ಅಂದುಕೊಂಡಿದ್ದರು. ಬಾಯಿಬಿಟ್ಟು ಹೇಳಲು ಇಬ್ಬರಿಗೂ ನಾಚಿಕೆ.

ಗಿರಿಜವ್ವ ದಿಂಬಿನ ಪಕ್ಕದ ತಂಬಿಗೆಯನ್ನು ತಂಗಿಯ ಕೈಗಿಟ್ಟರು.

"ಕುಡಿ... ಹೊಟ್ಟಿ ತುಂಬ ಕುಡಿ."

ಜೊತೆಗೆ ಬಂದವರೆಲ್ಲ ಅಂಜಿಕೆಯಿಲ್ಲದೆ ನೀರು ಕುಡಿಯುವಂತಿದ್ದರೆ, ಅದೇ ಸುಖ ಪ್ರಯಾಣ.

ನಿಮ್ಮ ಮನೆಯಲ್ಲೂ "ನಂಗ ತಿರುಗಾಟ ಸೇರೂದಿಲ್ಲ" ಎನ್ನುವವರಿದ್ದಾರಲ್ಲ... ಯಾಕೆ ಎಂದು ಅವರ ಪಕ್ಕ ಕೂತು ಒಮ್ಮೆಯಾದರೂ ಕೇಳಿದ್ದೀರಾ?